ಕನ್ನಡ ನೆಲದಲ್ಲಿ ಕ್ರೈಸ್ತ ವಿಶ್ವಾಸ: ಮಾಸೂರಿನ ಸರ್ವಜ್ಞನಿಂದ ನಾವು ಕಲಿತುದು

(ದೇವಾಲಯದ ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಸಾಹಿತ್ಯಗೋಷ್ಠಿಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಶತಮಾನೋತ್ಸವ ಸಮಿತಿಯವರು ನಮಗೆ ಒಪ್ಪಿಸಿರುವ ವಿಷಯ ದೊಡ್ಡದು. ಸಾಹಿತ್ಯ, ಕಲೆ, ಆರಾಧನೆ, ಸಮಾಜನೀತಿ ಈ ನಾಲ್ಕರಲ್ಲಿಯೂ ಕ್ರೈಸ್ತ ವಿಶ್ವಾಸವು ಹೇಗೆ ಪ್ರತಿಬಿಂಬಿತವಾಗಿದೆಯೆಂಬುದನ್ನು ಮುಕ್ಕಾಲು ಗಂಟೆಯಲ್ಲಿ ಹೇಳಬೇಕಂತೆ. ನಾಲ್ಕು ಎತ್ತುಗಳನ್ನು ಒಂದೇ ನೊಗಕ್ಕೆ ಕಟ್ಟಿ ಉಳು ಎಂದಂತಾಯಿತು. ರೋಮಾಪುರಿಯ ಚಿತ್ರಕಾರರಿಂದ ಪ್ರಾರಂಭಿಸಿ ಇಂಗ್ಲಿಷ್ ಮಹಾಕವಿಗಳವರೆಗೆ ಹೆಸರುಗಳನ್ನು ಒಪ್ಪಿಸಿ ಕುಳಿತುಬಿಡುವುದು ನಮಗೆ ಸುಲಭ. ಗುರುಮಠದಲ್ಲಿ ಅವನ್ನೆಲ್ಲ ಬಾಯಿಪಾಠ ಮಾಡಿದ್ದೇವೆ. ಆದರೆ ಈ ಸೀಮೆಯಲ್ಲಿ ನಿಂತು ಮಾತನಾಡುವವರು ಈ ಸೀಮೆಯ ಮಣ್ಣಿನಿಂದಲೇ ಪ್ರಾರಂಭಿಸುವುದು ಮರ್ಯಾದೆ. ಆದುದರಿಂದ ಹಿರೇಕೆರೂರು ಸೀಮೆಯ ಮಾಸೂರಿಗೆ ತಮ್ಮನ್ನು ಕರೆದೊಯ್ಯುತ್ತೇವೆ.

ಕುಮುದ್ವತಿ ನದಿಯ ನೀರು ನಿಲ್ಲುವ ಮದಗದ ಕೆರೆಯಿಂದ ಮಾಸೂರಿನ ಹೆಸರು ದೂರದವರಿಗೂ ಗೊತ್ತು. ಆದರೆ ಕನ್ನಡಿಗರೆಲ್ಲರ ಬಾಯಲ್ಲಿ ಆ ಹೆಸರು ಉಳಿದಿರುವುದು ಸರ್ವಜ್ಞನಿಂದ. ತ್ರಿಪದಿಗಳಲ್ಲಿಯೇ ಬರುವ ಐತಿಹ್ಯದಂತೆ ಅವನ ತಂದೆ ಮಾಸೂರಿನ ಬಸವರಸನೆಂಬ ಬ್ರಾಹ್ಮಣ. ತಾಯಿ ಅಂಬಲೂರಿನ, ಎಂದರೆ ಇಂದಿನ ಅಬಲೂರಿನ, ಕುಂಬಾರರ ಮಾಳಿ. ಮಕ್ಕಳಿಲ್ಲದ ಬಸವರಸನು ಕಾಶಿಗೆ ಹೋಗಿ ಹಿಂದಿರುಗುವಾಗ ಕುಂಬಾರರ ಮನೆಯಲ್ಲಿ ತಂಗಿದನೆಂದು ಕಥೆ. ಅವನ ಕಾಲದ ವಿಷಯದಲ್ಲಿಯೂ ಈ ಕಥೆಯ ನಿಜದ ವಿಷಯದಲ್ಲಿಯೂ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆ ಚರ್ಚೆ ನಮ್ಮದಲ್ಲ. ಕುಂಬಾರರ ಮನೆಯಲ್ಲಿ ಹುಟ್ಟಿದನೆಂದು ಹೇಳಿಕೊಂಡು, ಕೈಯಲ್ಲಿ ಭಿಕ್ಷಾಪಾತ್ರೆ ಹಿಡಿದು ಊರೂರು ತಿರುಗಿ, ತನ್ನದೆಂದು ಒಂದು ಗುಡಿಸಲನ್ನೂ ಕಟ್ಟಿಕೊಳ್ಳದೆ ಹೋದ ಮನುಷ್ಯನೊಬ್ಬನನ್ನು ಈ ಜನ ನಾನೂರು ವರ್ಷ ಮರೆಯದೆ ಉಳಿಸಿಕೊಂಡರೆಂಬುದಷ್ಟೇ ನಮಗೆ ಮುಖ್ಯ. ನಜರೇತೆಂಬ ಸಣ್ಣ ಊರಿನ ಹೆಸರು ಕೇಳಿ ನತನಯೇಲನು ಮೂಗು ಮುರಿದುದನ್ನು ಬಲ್ಲ ನಮಗೆ ಇಂಥ ಕಥೆ ಅಪರಿಚಿತವಾಗಬಾರದು.

ಅದೇ ಅಬಲೂರಿನಲ್ಲಿ ಇನ್ನೊಂದು ನೋಟವುಂಟು. ಅಲ್ಲಿಯ ಸೋಮೇಶ್ವರ ದೇವಾಲಯದಲ್ಲಿ ಏಕಾಂತದ ರಾಮಯ್ಯನ ಕಥೆ ಕಲ್ಲಿನಲ್ಲಿ ಕೆತ್ತಲ್ಪಟ್ಟಿದೆ. ಜೈನರೊಡನೆ ಪಣಕಟ್ಟಿ ತಲೆಯನ್ನು ಕತ್ತರಿಸಿಕೊಂಡು ಶಿವನಿಗರ್ಪಿಸಿ ಮತ್ತೆ ಪಡೆದನೆಂಬ ಕಥೆ ಅದು. ಎರಡು ಧರ್ಮಗಳ ನಡುವಿನ ಸ್ಪರ್ಧೆ ಅಲ್ಲಿ ಶಿಲ್ಪವಾಗಿ ನಿಂತಿದೆ. ಕೆಲವು ಶತಮಾನಗಳ ನಂತರ ಅದೇ ಊರಿನವನೆನಿಸಿಕೊಂಡ ಸರ್ವಜ್ಞನು, ಕುಲಹೀನನೆನಿಸಿದವನ ಮನೆಯ ದೀಪ ಬೀರುವ ಬೆಳಕಿಗೂ ಕುಲವನ್ನು ಹಚ್ಚುವಿರಾ ಎಂಬ ಅರ್ಥದ ಪ್ರಶ್ನೆಯನ್ನು ಕೇಳಿದನು. ಈ ಎರಡನ್ನೂ ಒಂದೇ ಊರು ಇಟ್ಟುಕೊಂಡಿದೆ. ಧರ್ಮಪ್ರಚಾರಕರಾದ ನಾವು ಅಬಲೂರಿಗೆ ಹೋದಾಗಲೆಲ್ಲ ಯಾವುದರ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತೇವೆಂದು ನಮ್ಮನ್ನೇ ಕೇಳಿಕೊಳ್ಳುವುದುಂಟು.

ಇಲ್ಲಿ ಕ್ರೈಸ್ತರ ಮಾತೇನು ಬಂತು ಎಂದು ತಾವು ಕೇಳಬಹುದು. ಬಂದಿತು. ಜನರ ನಾಲಿಗೆಯ ಮೇಲೂ ಓಲೆಗರಿ ಕಾಗದಗಳಲ್ಲಿಯೂ ಚದುರಿಹೋಗಿದ್ದ ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ, ಪಾಠಗಳನ್ನು ಹೋಲಿಸಿ, ಸುಮಾರು 2,000 ವಚನಗಳ ಗ್ರಂಥವಾಗಿ 1924ರಲ್ಲಿ ಕನ್ನಡಿಗರ ಕೈಗಿತ್ತವರು ಒಬ್ಬ ಕ್ರೈಸ್ತ ಪಾದ್ರಿ. ರೆವರೆಂಡ್ ಉತ್ತಂಗಿ ಚೆನ್ನಪ್ಪನವರು 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಮಂಗಳೂರಿನ ಬಾಸೆಲ್ ಮಿಷನ್ ದೈವಜ್ಞಾನಶಾಲೆಯಲ್ಲಿ ಕಲಿತು, ಸಭಾಪಾಲಕರಾಗಿ ದುಡಿದು, 1962ರಲ್ಲಿ ತೀರಿಕೊಂಡರು. 1949ರಲ್ಲಿ ಗುಲ್ಬರ್ಗದಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ನಾಡು ಅವರನ್ನು ಅಧ್ಯಕ್ಷರನ್ನಾಗಿ ಕೂಡಿಸಿತು. ತಿರುಳ್ಗನ್ನಡದ ತಿರುಕನೆಂದು ಅವರಿಗೆ ಹೆಸರಾಯಿತು. ಭಿಕ್ಷೆ ಬೇಡಿದ ಕವಿಯ ಮಾತುಗಳನ್ನು ಬೇಡಿ ತಂದವರಿಗೆ ಇದಕ್ಕಿಂತ ಒಪ್ಪುವ ಬಿರುದು ಬೇರೆ ಇರಲಾರದು.

ಅವರು ನಮ್ಮ ಕಥೋಲಿಕ ಧರ್ಮಸಭೆಯವರಲ್ಲ, ಪ್ರೊಟೆಸ್ಟಂಟರು. ಈ ಮಾತನ್ನು ಬೇಕೆಂದೇ ಹೇಳುತ್ತಿದ್ದೇವೆ. ಅವರು ತ್ರಿಪದಿಗಳನ್ನು ಕೂಡಿಸುತ್ತಿದ್ದ ಕಾಲದಲ್ಲಿ ನಮ್ಮವರು ಅವರ ಆರಾಧನಾ ಮಂದಿರದ ಮೆಟ್ಟಿಲು ಹತ್ತುತ್ತಿರಲಿಲ್ಲ, ಅವರವರು ನಮ್ಮಲ್ಲಿಗೆ ಬರುತ್ತಿರಲಿಲ್ಲ. ಅಗಲಿದ ಸಹೋದರರನ್ನು ಕುರಿತು ನಮ್ಮ ಎರಡನೆಯ ವಾಟಿಕನ್ ಮಹಾಸಭೆ ಮಾತನಾಡಿದ್ದು 1964ರಲ್ಲಿ. ಅನ್ಯಧರ್ಮಗಳಲ್ಲಿರುವ ಸತ್ಯವಾದುದನ್ನೂ ಪವಿತ್ರವಾದುದನ್ನೂ ಧರ್ಮಸಭೆ ತಳ್ಳಿಹಾಕುವುದಿಲ್ಲವೆಂಬ ಭಾವವನ್ನು ಅದು ಘೋಷಿಸಿದ್ದು 1965ರಲ್ಲಿ. ಲೋಕದ ಧರ್ಮಾಧ್ಯಕ್ಷರೆಲ್ಲರೂ ಕೂಡಿ ಆಡಿದ ಮಾತನ್ನು ಧಾರವಾಡ ಸೀಮೆಯ ಪಾದ್ರಿಯೊಬ್ಬರು ನಲವತ್ತು ವರ್ಷಗಳ ಹಿಂದೆಯೇ ತಮ್ಮ ಮೇಜಿನ ಮೇಲೆ ಮಾಡಿ ತೋರಿಸಿದ್ದರು.

ಉತ್ತಂಗಿಯವರು ಸರ್ವಜ್ಞನನ್ನು ಕ್ರೈಸ್ತನನ್ನಾಗಿ ಮಾಡಲಿಲ್ಲ. ಗುರುವನ್ನು, ಲಿಂಗವನ್ನು ಕುರಿತ ವಚನಗಳು ಅವರ ಸಂಗ್ರಹದಲ್ಲಿ ತಮ್ಮ ಸ್ಥಾನದಲ್ಲಿಯೇ ಇವೆ. ಪಾದ್ರಿಯ ಕೈಗೆ ಸಿಕ್ಕ ಪುಸ್ತಕದಲ್ಲಿ ಪಾದ್ರಿಗೆ ಒಪ್ಪುವ ಮಾತುಗಳಷ್ಟೇ ಉಳಿದಾವೆಂದು ಅನುಮಾನಿಸಿದವರಿದ್ದರೆ ಅವರ ಅನುಮಾನಕ್ಕೆ ಎಡೆಯಾಗಲಿಲ್ಲ. ಮುಂದೆ ಅವರು ಅನುಭವ ಮಂಟಪದ ಐತಿಹಾಸಿಕತೆಯನ್ನು ಕುರಿತು ಬರೆದರು. ಸಿದ್ಧರಾಮ, ಆದಯ್ಯ, ಮೋಳಿಗೆ ಮಾರಯ್ಯರಂಥ ಶರಣರ ಸಾಹಿತ್ಯವನ್ನು ಸಂಪಾದಿಸಿದರು. ಹಾಗೆಂದು ತಮ್ಮ ವಿಶ್ವಾಸವನ್ನು ಅವರು ಮುಚ್ಚಿಟ್ಟವರಲ್ಲ. ಬೆತ್ಲೆಹೇಮು ಬನಾರಸಕ್ಕೆ ಮಾಡಿಕೊಳ್ಳುವ ವಿನಂತಿಯೆಂಬ ಅರ್ಥದ ಹೆಸರನ್ನು ತಮ್ಮ ಒಂದು ಗ್ರಂಥಕ್ಕೆ ಇಟ್ಟರು. ವಿನಂತಿ ಎಂಬ ಪದವನ್ನು ಗಮನಿಸಬೇಕು. ಆಜ್ಞೆಯಲ್ಲ, ಸವಾಲೂ ಅಲ್ಲ. ನಮ್ಮ ಧರ್ಮೋಪದೇಶದ ಪುಸ್ತಕಗಳಲ್ಲಿ ಆ ಧ್ವನಿ ಬಹುಕಾಲ ವಿರಳವಾಗಿತ್ತು.

ಅವರಿಗಿಂತ ಮುಂಚಿನವರನ್ನು ಮರೆಯಬಾರದು. ಯೇಸುಸಭೆಯ ಲಿಯೊನಾರ್ಡೊ ಚಿನ್ನಮಿಯವರು 1649ರ ಸುಮಾರಿಗೆ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತು ವ್ಯಾಕರಣ ಬರೆದರು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಬೆಂಗಳೂರಿನಲ್ಲಿ ಫ್ರೆಂಚ್ ಗುರುಗಳು ಲತೀನ್ ಕನ್ನಡ ನಿಘಂಟುಗಳನ್ನು ಅಚ್ಚು ಹಾಕಿಸಿದರು. ಹರ್ಮನ್ ಮೋಗ್ಲಿಂಗರು 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. ಫರ್ಡಿನಂಡ್ ಕಿಟ್ಟೆಲರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಹೊರಬಂತು. ಕಿಟ್ಟೆಲರು ಅದಕ್ಕೆ ಬಹಳ ಮೊದಲೇ 'ಕಥಾಮಾಲೆ'ಯೆಂಬ ಕೃತಿಯಲ್ಲಿ ಪ್ರಭು ಕ್ರಿಸ್ತನ ಚರಿತೆಯನ್ನು ಕನ್ನಡ ಛಂದಸ್ಸಿಗೆ ಇಳಿಸಿದ್ದರು. ಇವರೆಲ್ಲರೂ ಹೊರಗಿನಿಂದ ಬಂದು ನಮ್ಮ ನುಡಿಯನ್ನು ಕಲಿತವರು. ಉತ್ತಂಗಿಯವರಾದರೋ ಆ ನುಡಿಯಲ್ಲಿಯೇ ಹುಟ್ಟಿದವರು. ಎದುರುಗಡೆಯಿಂದಲೂ ಒಬ್ಬರು ಬಂದರು: ಕಾಸರಗೋಡಿನ ಮಂಜೇಶ್ವರದ ಗೋವಿಂದ ಪೈಗಳು 1930ರ ದಶಕದಲ್ಲಿ ಕ್ರಿಸ್ತನ ಯಾತನೆಯನ್ನೇ ವಸ್ತುವಾಗಿಸಿ 'ಗೊಲ್ಗೊಥಾ' ಎಂಬ ಖಂಡಕಾವ್ಯವನ್ನು ರಚಿಸಿದರು. ಹಿಂದೂ ಕವಿಯೊಬ್ಬರು ಶಿಲುಬೆಯ ಕೆಳಗೆ ನಿಂತರು, ಕ್ರೈಸ್ತ ಪಾದ್ರಿಯೊಬ್ಬರು ಮಾಸೂರಿನ ಜೋಗಿಯ ಹಿಂದೆ ನಡೆದರು. ಇಷ್ಟು ಹತ್ತಿರದ ವರ್ಷಗಳಲ್ಲಿ ಕನ್ನಡದಲ್ಲಿ ಇವೆರಡೂ ನಡೆದವೆಂಬುದು ನಮಗೆ ಇಂದಿಗೂ ಸಂತೋಷ ಕೊಡುವ ಸಂಗತಿ.

ಕಲೆಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದ ಗೋಡೆ ಮಾಳಿಗೆಗಳನ್ನು ಇಟಲಿಯ ಬ್ರದರ್ ಅಂತೋನಿಯೊ ಮೊಸ್ಕೆನಿಯವರು 1900ರ ಆಸುಪಾಸಿನಲ್ಲಿ ಚಿತ್ರಗಳಿಂದ ತುಂಬಿದರು. ಅದನ್ನು ನೋಡಿ ಬೆರಗಾಗದವರಿಲ್ಲ. ಆದರೂ ಆ ಮುಖಗಳು ಇಟಲಿಯವು. ನಮ್ಮ ದೇವಾಲಯದ ಪ್ರತಿಮೆಗಳೂ ಹಾಗೆಯೇ. ನೂರು ವರ್ಷ ಅವುಗಳ ಮುಂದೆ ಮೇಣದ ಬತ್ತಿ ಹಚ್ಚಿದ ನಮ್ಮ ಅಜ್ಜಿಯಂದಿರ ಭಕ್ತಿ ಅದರಿಂದ ಕಡಿಮೆಯಾಗಲಿಲ್ಲವಾದುದರಿಂದ ಈ ಬಗ್ಗೆ ಗುರುಗಳು ಬಹಳ ಪಾಂಡಿತ್ಯ ತೋರಿಸುವುದು ಒಳ್ಳೆಯದಲ್ಲ.

ಆರಾಧನೆಯ ಮಾತಿಗೆ ಬರೋಣ. ಮಹಾಸಭೆ 1963ರ ಡಿಸೆಂಬರಿನಲ್ಲಿ ಪೂಜಾವಿಧಿಯಲ್ಲಿ ಜನರ ನುಡಿಗೆ ಬಾಗಿಲು ತೆರೆಯಿತು. 1969ರಲ್ಲಿ ಭಾರತದ ಧರ್ಮಾಧ್ಯಕ್ಷರ ಕೋರಿಕೆಯಂತೆ ಹನ್ನೆರಡು ಅಂಶಗಳಿಗೆ ರೋಮಿನ ಒಪ್ಪಿಗೆ ಸಿಕ್ಕಿತು: ಪಾದರಕ್ಷೆ ಬಿಟ್ಟು ನೆಲದ ಮೇಲೆ ಕುಳಿತು ಪೂಜೆಯಲ್ಲಿ ಭಾಗವಹಿಸುವುದು, ಕೈಮುಗಿದು ವಂದಿಸುವುದು, ಆರತಿ ಎತ್ತುವುದು ಮೊದಲಾದುವು. ಇದಾದ ಮೇಲೆ ನಮ್ಮಲ್ಲಿ ಕನ್ನಡ ಬಂತು, ಹಾಡುಗಳು ಬಂದವು, ತಬಲ ಹಾರ್ಮೋನಿಯಂ ಬಂದವು. ಲತೀನಿನ ಕಾಲದಲ್ಲಿಯೂ ನಮ್ಮ ನುಡಿ ಪೂರ್ಣವಾಗಿ ಹೊರಗಿರಲಿಲ್ಲವೆನ್ನಿ. ಪೇತ್ರನು ರಾಯಪ್ಪನಾಗಿ, ಪೌಲನು ಚಿನ್ನಪ್ಪನಾಗಿ, ಯೊವಾನ್ನನು ಅರುಳಪ್ಪನಾಗಿ, ಇಗ್ನೇಷಿಯಸನು ಇನ್ನಾಸಪ್ಪನಾಗಿ ನಮ್ಮ ಮನೆಗಳಲ್ಲಿ ಎಂದೋ ತೊಟ್ಟಿಲೇರಿದ್ದರು. ತಮಿಳಿನ ದಾರಿಯಲ್ಲಿ ಬಂದ ಈ ಹೆಸರುಗಳನ್ನು ಇಂದಿನ ತಂದೆತಾಯಿಗಳು ಹಳೆಯದೆಂದು ಬಿಟ್ಟುಬಿಡುತ್ತಿರುವುದು ನಮಗೆ ವ್ಯಸನದ ವಿಷಯ. ದೀಕ್ಷಾಸ್ನಾನದ ಪುಸ್ತಕದಲ್ಲಿ ಈಗ ನಾವು ಬರೆಯುವ ಕೆಲವು ಹೆಸರುಗಳನ್ನು ಅವರ ಅಜ್ಜಂದಿರು ಉಚ್ಚರಿಸಲಾರರು.

ಆದರೆ ಕನ್ನಡದಲ್ಲಿ ಪೂಜೆ ಮಾಡಿದ ಮಾತ್ರಕ್ಕೆ ಕನ್ನಡದ ಜನರ ಮಾತು ನಮ್ಮ ಕಿವಿಗೆ ಬಿದ್ದಂತಾಗುವುದಿಲ್ಲ. ಇದನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. ಹೇಗೆ ಕಲಿತೆವೆಂಬುದನ್ನು ಇದುವರೆಗೆ ಯಾವ ವೇದಿಕೆಯಲ್ಲಿಯೂ ಹೇಳಿಲ್ಲ. ಇಂದು ಹೇಳಬೇಕೆಂದು ಬಂದಿದ್ದೇವೆ.

1990ರ ಸುಮಾರಿನ ಮಾತು. ಗುರುದೀಕ್ಷೆಯಾಗಿ ಮೂರು ವರ್ಷ ಕಳೆದಿತ್ತು. ಬೇರೆ ಸೀಮೆಯಲ್ಲಿ ಹುಟ್ಟಿ ಬೆಳೆದ ನಮ್ಮನ್ನು ಈ ಭಾಗದ ಒಂದು ಸಣ್ಣ ಧರ್ಮಕೇಂದ್ರಕ್ಕೆ ಕಳುಹಿಸಿದ್ದರು. ಊರಿನ ಹೆಸರು ಬೇಡ. ಅಲ್ಲಿಯ ವಿಶ್ವಾಸಿಯೊಬ್ಬರು, ಹತ್ತಿ ಬೆಳೆಯುವ ಸಣ್ಣ ರೈತರು, ಎರಡು ವರ್ಷ ಬೆಳೆ ಕೈಕೊಟ್ಟು, ಸಾಲದ ಮೇಲೆ ಸಾಲ ಬೆಳೆದು, ಸಾಲ ಕೊಟ್ಟವರು ಮನೆಯ ಬಾಗಿಲಲ್ಲಿ ಕುಳಿತ ಮರುದಿನ ತಮ್ಮ ಪ್ರಾಣವನ್ನು ತಾವೇ ತೆಗೆದುಕೊಂಡರು. ಹೆಂಡತಿಯೂ ಮೂರು ಮಕ್ಕಳೂ ಉಳಿದರು.

1917ರ ಧರ್ಮಸಭಾ ಶಾಸನದಲ್ಲಿ, ಬುದ್ಧಿಪೂರ್ವಕವಾಗಿ ತಮ್ಮನ್ನು ತಾವೇ ಕೊಂದುಕೊಂಡವರಿಗೆ ಧರ್ಮಸಭೆಯ ಶವಸಂಸ್ಕಾರವನ್ನು ನಿರಾಕರಿಸುವ ವಿಧಿಯಿತ್ತು. 1983ರ ಹೊಸ ಶಾಸನದಲ್ಲಿ ಆ ಮಾತನ್ನು ಕೈಬಿಡಲಾಯಿತು. ನಮಗೆ ಅದು ಗೊತ್ತಿತ್ತು. ಪರೀಕ್ಷೆಯಲ್ಲಿ ಅದಕ್ಕೆ ಉತ್ತರ ಬರೆದಿದ್ದೆವು. ಆದರೆ ಊರಿನ ಹಿರಿಯರು ಹಳೆಯ ಪದ್ಧತಿ ಮುರಿಯಬಾರದೆಂದರು. ಗಂಟೆ ಬಾರಿಸಕೂಡದು, ಬಲಿಪೂಜೆ ಕೂಡದು, ಗೋಡೆಯ ಬದಿಯಲ್ಲಿ ಮಣ್ಣು ಮಾಡಬೇಕು. ನಾವು ಇಪ್ಪತ್ತೆಂಟು ಇಪ್ಪತ್ತೊಂಬತ್ತರ ವಯಸ್ಸಿನವರು, ಅವರು ನಮ್ಮ ತಂದೆಯ ವಯಸ್ಸಿನವರು. ಶಾಸನ ನಮ್ಮ ಪರವಾಗಿದ್ದರೂ ಧೈರ್ಯ ನಮ್ಮ ಪರವಾಗಿರಲಿಲ್ಲ. ಅವರು ಹೇಳಿದಂತೆಯೇ ನಡೆಯಿತು. ಪುಸ್ತಕ ತೆರೆದು ಸಣ್ಣ ದನಿಯಲ್ಲಿ ಎರಡು ಪ್ರಾರ್ಥನೆಗಳನ್ನು ಓದಿದೆವು. ಅಚ್ಚುಕಟ್ಟಾದ, ಸಂಸ್ಕೃತಪದಗಳಿಂದ ತುಂಬಿದ ಕನ್ನಡ. ಆ ಹೆಣ್ಣುಮಗಳ ಮುಖದಲ್ಲಿ ಒಂದು ಅಕ್ಷರವೂ ಮುಟ್ಟಿದ ಗುರುತು ಕಾಣಲಿಲ್ಲ.

ಆಗ ಹಿಂದೆ ನಿಂತಿದ್ದ ಮುದುಕರೊಬ್ಬರು ಮುಂದೆ ಬಂದರು. ಅವರು ನಮ್ಮ ಧರ್ಮದವರಲ್ಲ. ಸತ್ತವರ ಹೊಲದ ನೆರೆಯವರು. ಯಾರ ಅಪ್ಪಣೆಯನ್ನೂ ಕೇಳದೆ ಸರ್ವಜ್ಞನ ಒಂದು ತ್ರಿಪದಿಯನ್ನು ಹೇಳಿದರು. ಸಾಲ ತರುವಾಗಿನ ಸವಿಯನ್ನೂ ಸಾಲಿಗನು ಬಂದು ನಿಂತಾಗಿನ ಸಂಕಟವನ್ನೂ ಹೇಳುವ ಆ ವಚನವನ್ನು ತಾವೆಲ್ಲ ಬಲ್ಲಿರಿ. ಶಾಲೆಯಲ್ಲಿ ಮಕ್ಕಳು ನಗುತ್ತ ಕಂಠಪಾಠ ಮಾಡುವ ವಚನ. ಅಲ್ಲಿ ಯಾರೂ ನಗಲಿಲ್ಲ. ಅಷ್ಟು ಹೊತ್ತು ಕಲ್ಲಿನಂತೆ ನಿಂತಿದ್ದ ಆ ಹೆಣ್ಣುಮಗಳು ಅದನ್ನು ಕೇಳಿ ಗಟ್ಟಿಯಾಗಿ ಅತ್ತಳು. ಬಳಿಕ ಆ ಮುದುಕರು ನಮ್ಮ ಕಡೆಗೆ ತಿರುಗಿ ಕೇಳಿದರು:

"ಸ್ವಾಮ್ಯಾರ, ಗಂಟಿ ಬಾರಸಲಿಲ್ಲಂದ್ರ ಇಂವಾ ಸತ್ತದ್ದು ನಿಮ್ಮ ದೇವರಿಗೆ ಗೊತ್ತಾಗೂದಿಲ್ಲೇನ್ರಿ?"

ನಮ್ಮಲ್ಲಿ ಉತ್ತರವಿರಲಿಲ್ಲ. ಏಳು ವರ್ಷ ತತ್ತ್ವಶಾಸ್ತ್ರ ದೈವಶಾಸ್ತ್ರ ಓದಿದವರ ಬಾಯಿ ಕಟ್ಟಿತು.

ಆ ರಾತ್ರಿ ಜಪಸರ ಮುಗಿಸಿ ಪ್ರಭು ಕಲಿಸಿದ ಪ್ರಾರ್ಥನೆಯನ್ನು ಹೇಳುವಾಗ ನಾಲಿಗೆ ಒಂದೆಡೆ ನಿಂತಿತು. ನಮ್ಮ ತಪ್ಪುಗಳ ಕ್ಷಮೆಯನ್ನು ನಾವು ಅಲ್ಲಿ ಬೇಡುತ್ತೇವೆ. ಆದರೆ ಸಂತ ಮತ್ತಾಯನ ಗ್ರೀಕ್ ಮೂಲದಲ್ಲಿ ಇರುವ ಪದಕ್ಕೆ ನೇರವಾದ ಅರ್ಥ ಸಾಲವೆಂದು. ಲತೀನಿನಲ್ಲಿ ನಾವು ಬಾಲ್ಯದಿಂದ ಕೇಳಿದ 'ದೆಬಿತಾ' ಎಂಬುದೂ ಸಾಲವೇ. ಪಾಪವನ್ನು ಹೇಳಲು ಪ್ರಭುವಿನ ನಾಡಿನ ಜನ ಬಳಸುತ್ತಿದ್ದ ಮಾತು ಅದು. ಸಂತ ಲೂಕನು ಪಾಪವೆಂದೇ ಬರೆದನು, ಆದುದರಿಂದ ನಮ್ಮ ಅನುವಾದ ತಪ್ಪೆನ್ನಲಾಗದು. ಆದರೂ ಸಾಲದ ಬೇನೆಯನ್ನು ಬಲ್ಲ ಜನರ ನಡುವೆ ನಿಂತು ಪ್ರಭುವು ಆ ಪದವನ್ನು ಆಡಿದ್ದನು. ಸಾಲ ತೀರಿಸಲಾರದ ಸೇವಕನ ಸಾಮತಿಯನ್ನು ಹೇಳಿದ್ದನು. ಇಬ್ಬರು ಸಾಲಗಾರರ ಕಥೆಯನ್ನು ಸಿಮೋನನ ಊಟದ ಪಂಕ್ತಿಯಲ್ಲಿ ಹೇಳಿದ್ದನು. ಇದನ್ನೆಲ್ಲ ಓದಿಯೂ ಓದದವರಾಗಿದ್ದೆವು. ಮಾಸೂರಿನ ಜೋಗಿಯ ಮೂರು ಸಾಲು ಹೇಳಿ ನೆರೆಹೊಲದ ಮುದುಕರು ನಮಗೆ ಶುಭಸಂದೇಶವನ್ನು ತಿರುಗಿ ತೆರೆದುಕೊಟ್ಟರು.

ಅನಂತರವೇ ನಾವು ಉತ್ತಂಗಿಯವರ ಗ್ರಂಥವನ್ನು ಹುಡುಕಿ ತಂದದ್ದು. ಗುರುಮಠದಲ್ಲಿ ಅವರ ಹೆಸರನ್ನು ಕೇಳಿದ ನೆನಪಿಲ್ಲ. ತ್ರಿಪದಿಯೆಂಬುದು ಬಹು ಹಳೆಯ ಮಟ್ಟು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ ಇದೆ. ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸರು ಹಾಡಿದ್ದು ಅದನ್ನೇ. (ಮೂರು ಸಾಲುಗಳಲ್ಲಿ ತ್ರಿಯೇಕ ದೇವರ ಛಾಯೆಯನ್ನು ಕಂಡ ಉತ್ಸಾಹಿಯೊಬ್ಬರು ನಮಗೆ ಒಮ್ಮೆ ಸಿಕ್ಕಿದ್ದರು. ಅಂಥದೆಲ್ಲ ಬೇಡ.) ಆ ಗ್ರಂಥವನ್ನು ಓದುತ್ತ ಹೋದಂತೆ ನಮಗೆ ಹೊಳೆದದ್ದು ಇಷ್ಟು: ಉತ್ತಂಗಿಯವರ ಕ್ರೈಸ್ತ ವಿಶ್ವಾಸವನ್ನು ಹುಡುಕಬೇಕಾದುದು ಅವರು ಕ್ರಿಸ್ತನನ್ನು ಕುರಿತು ಬರೆದ ಪುಟಗಳಲ್ಲಿ ಮಾತ್ರವಲ್ಲ. ತನ್ನದಲ್ಲದ ಭಕ್ತಿಯ ಮಾತನ್ನು ಒಂದು ಅಕ್ಷರ ಕೆಡದಂತೆ ಎತ್ತಿಟ್ಟ ಆ ಪ್ರಾಮಾಣಿಕತೆಯಲ್ಲಿಯೂ ಅದು ಇದೆ. ನೆರೆಯವನನ್ನು ಪ್ರೀತಿಸು ಎಂಬುದಕ್ಕೆ ನೆರೆಯವನ ಮಾತನ್ನು ಪೂರ್ತಿ ಕೇಳು ಎಂಬ ಅರ್ಥವೂ ಉಂಟಷ್ಟೆ.

ಸಮಾಜನೀತಿಯ ಬಗ್ಗೆ ಬೇರೆ ಭಾಷಣ ಮಾಡಬೇಕಾಗಿಲ್ಲವೆಂದು ತಿಳಿಯುತ್ತೇವೆ. ಧರ್ಮಸಭೆ ಶಾಲೆ ಆಸ್ಪತ್ರೆಗಳನ್ನು ಕಟ್ಟಿತು. ಫಾದರ್ ಅಗಸ್ಟಸ್ ಮುಲ್ಲರರು ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಹಚ್ಚಿದ ದೀಪ ದೊಡ್ಡ ಆಸ್ಪತ್ರೆಯಾಗಿ ಬೆಳೆಯಿತು. ಬಾಸೆಲ್ ಮಿಷನ್ನಿನವರು ನೇಯ್ಗೆ ಹೆಂಚುಗಳ ಕಾರ್ಖಾನೆ ತೆರೆದು ಕುಲದಿಂದ ಹೊರದೂಡಲ್ಪಟ್ಟವರಿಗೆ ಕೆಲಸ ಕೊಟ್ಟರು. ಇದನ್ನೆಲ್ಲ ಇತರ ಭಾಷಣಕಾರರು ಹೇಳಿದ್ದಾರೆ, ಹೇಳಬೇಕಾದುದೇ. ಆದರೆ ಈ ಜಿಲ್ಲೆಯಲ್ಲಿ ಸಾಲದ ಕಥೆ ಮುಗಿದಿಲ್ಲ. 2008ರ ಜೂನಿನಲ್ಲಿ ಹಾವೇರಿಯಲ್ಲಿ ಗೊಬ್ಬರ ಕೇಳಲು ನಿಂತ ರೈತರ ಮೇಲೆ ಗುಂಡು ಹಾರಿದುದನ್ನು ಯಾರು ಮರೆತಾರು? ನಮ್ಮ ಪಾಪನಿವೇದನೆಯ ಪೀಠಕ್ಕೆ ಬರುವವರಲ್ಲಿ ಪಾಪಕ್ಕಿಂತ ಸಾಲವನ್ನು ಹೇಳಿಕೊಂಡು ಅಳುವವರೇ ಹೆಚ್ಚು. ಇಷ್ಟು ಹೇಳಿದರೆ ಯಾರ ಗುಟ್ಟೂ ಹೊರಬಿದ್ದಂತಾಗಲಿಲ್ಲ.

ಜೂಬಿಲಿ ಎಂಬ ಮಾತನ್ನು ಈ ವರ್ಷ ನಾವು ನೂರು ಸಲ ಆಡಿದ್ದೇವೆ. ಯಾಜಕಕಾಂಡದ ಇಪ್ಪತ್ತೈದನೆಯ ಅಧ್ಯಾಯದಂತೆ ಜೂಬಿಲಿಯೆಂದರೆ ಐವತ್ತನೆಯ ವರ್ಷ. ಅಂದು ಮಾರಿಹೋದ ಹೊಲ ಒಡೆಯನಿಗೆ ಮರಳಬೇಕು, ಅಡಿಯಾಳಾದವನು ಮನೆಗೆ ಮರಳಬೇಕು. ಏಳನೆಯ ವರ್ಷಕ್ಕೊಮ್ಮೆ ಸಾಲ ಬಿಡಬೇಕೆಂದು ಧರ್ಮೋಪದೇಶಕಾಂಡ ಹೇಳುತ್ತದೆ. 2000ದ ಮಹಾಜೂಬಿಲಿಗೆ ಮುನ್ನ ಎರಡನೆಯ ಜಾನ್ ಪೌಲ್ ಪೋಪ್‌ಗುರುಗಳು ಬಡದೇಶಗಳ ಸಾಲವನ್ನು ಇಳಿಸುವ ಯೋಚನೆಯನ್ನು ಶ್ರೀಮಂತ ದೇಶಗಳ ಮುಂದಿಟ್ಟರು. ನಮ್ಮ ದೇವಾಲಯಕ್ಕೆ ನೂರು ತುಂಬಿತೆಂದರೆ ಎರಡು ಜೂಬಿಲಿಗಳ ಸಾಲ ನಮ್ಮ ಮೇಲಿದೆಯೆಂದಾಯಿತು. ಜೂಬಿಲಿ ನಿಧಿಯಿಂದ ಗಂಟೆಯ ಗೋಪುರವನ್ನು ಎತ್ತರಿಸಬೇಕೆಂದು ಸಮಿತಿಯವರ ಆಸೆ. ಅದರಲ್ಲಿ ಒಂದು ಭಾಗವನ್ನು ಬಿತ್ತನೆಯ ಕಾಲಕ್ಕೆ ಬಡ್ಡಿಯಿಲ್ಲದೆ ಬೀಜ ಗೊಬ್ಬರಕ್ಕೆ ಕೊಡಲು, ಯಾವ ಮತದವರಾದರೂ ಸರಿ, ಎತ್ತಿಡಬೇಕೆಂದು ನಮ್ಮ ವಿನಂತಿ. ಈ ವಿಷಯದಲ್ಲಿ ಸಮಿತಿಯಲ್ಲಿ ಇನ್ನೂ ಒಮ್ಮತವಾಗಿಲ್ಲ. ವೇದಿಕೆಯ ಮೇಲೆ ಇದನ್ನೆತ್ತಿದ್ದಕ್ಕೆ ಅಧ್ಯಕ್ಷರು ನಮ್ಮನ್ನು ಮನ್ನಿಸಬೇಕು.

ಇನ್ನೊಂದು ವಿಷಯದಲ್ಲಿ ಯಾರ ಒಪ್ಪಿಗೆಯನ್ನೂ ಕೇಳಿಲ್ಲ. ಅದು ಧರ್ಮಕೇಂದ್ರದ ಗುರುವಿನ ಅಧಿಕಾರಕ್ಕೆ ಸೇರಿದ್ದು. ನಮ್ಮ ಸಮಾಧಿಭೂಮಿಯಲ್ಲಿಯೂ ಬಡಗಣ ಗೋಡೆಯ ಬದಿಗೆ ಶಿಲುಬೆಯಿಲ್ಲದ ಕೆಲವು ದಿಬ್ಬಗಳಿರುವುದನ್ನು ತಾವು ಬಲ್ಲಿರಿ. ಅವು ಯಾರವೆಂಬುದನ್ನು ಊರಿನ ಮೂರು ಮಂದಿ ಹಿರಿಯರಿಂದ ಕೇಳಿ ಬರೆದುಕೊಂಡಿದ್ದೇವೆ. ಬರುವ ನವೆಂಬರ್ 2ರಂದು, ಸಕಲ ಮೃತರ ಸ್ಮರಣೆಯ ದಿನ, ಬೆಳಿಗ್ಗೆಯ ಬಲಿಪೂಜೆಯಲ್ಲಿ ಆ ಹೆಸರುಗಳನ್ನು ಉಳಿದವರ ಹೆಸರುಗಳೊಡನೆ ಓದಲಾಗುವುದು. ಪೂಜೆಯ ನಂತರ ಮೆರವಣಿಗೆ ಮೊದಲು ಆ ಗೋಡೆಯ ಬದಿಗೇ ಹೋಗುವುದು. ಅಷ್ಟು ಹೊತ್ತೂ ಗಂಟೆ ಬಾರಿಸುತ್ತಿರಬೇಕೆಂದು ನಮ್ಮ ಗಂಟೆಯವರಿಗೆ ಈಗಾಗಲೇ ತಿಳಿಸಿದ್ದೇವೆ.